ಕಲಿಸಿದವರೇ ಅಂಕ ಕೊಟ್ಟರೆ ಹೇಗೆ? ಟಿವಿ ಹಾಡಿನ ಸ್ಪರ್ಧೆ ನಡೆಸುವವರಿಗೆ ಒಂದು ಬಹಿರಂಗ ಪತ್ರ

ಕನ್ನಡ ವಾಹಿನಿಗಳಲ್ಲಿ ಹಾಡಿನ ಸ್ಪರ್ಧೆ ನಡೆಸುವ ನಿರ್ಮಾಪಕರಿಗೆ, ನಿರ್ದೇಶಕರಿಗೆ, ತೀರ್ಪುಗಾರರ ಕುರ್ಚಿಯಲ್ಲಿ ಕೂರುವ ಹಿರಿಯರಿಗೆ ನಮಸ್ಕಾರ.

ನಾನು ಹಾಸನದಲ್ಲಿ ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುವವಳು. ಮುಂದೆ ಬರೆದಿರುವುದರಲ್ಲಿ ದೂರೇ ಜಾಸ್ತಿ. ಹಾಗಾಗಿ ಋಣದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕಾರ್ಯಕ್ರಮಗಳು ಇಲ್ಲದೇ ಹೋಗಿದ್ದರೆ ನನ್ನ ಹತ್ತಿರ ಕಲಿಯಲು ಬರುವ ಮಕ್ಕಳಲ್ಲಿ ಅರ್ಧ ಜನ ಬರುತ್ತಿರಲಿಲ್ಲ. 'ಹಾಡು ಕಲಿತು ಏನು ಮಾಡ್ತಾಳೆ' ಎನ್ನುತ್ತಿದ್ದ ಅಪ್ಪಂದಿರು ಈಗ ತಾವೇ ಬೈಕಿನಲ್ಲಿ ಕರೆತಂದು ಬಿಟ್ಟು ಹೋಗುತ್ತಾರೆ. ಶನಿವಾರ, ಭಾನುವಾರ ರಾತ್ರಿ ನಮ್ಮ ಮನೆಯಲ್ಲೂ ಅದೇ ಓಡುತ್ತದೆ. ಟಿವಿ ಸ್ಪರ್ಧೆ ಬಂದು ಸಂಗೀತ ಹಾಳಾಯಿತು ಎನ್ನುವವರ ಗುಂಪಿಗೆ ನಾನು ಸೇರಿದವಳಲ್ಲ.

ನನ್ನ ತಕರಾರು ಇಷ್ಟು. ಹಾಡು ಆರಿಸಿ ಕೊಡುವವರು, ಅದನ್ನು ತಿದ್ದಿ ತಯಾರು ಮಾಡುವವರು, ಕೊನೆಗೆ ಅಂಕ ಕೊಡುವವರು ಎಲ್ಲರೂ ಒಂದೇ ಬಳಗದವರಾಗಿದ್ದಾರೆ. ಅಂಕ ಎಷ್ಟು, ಯಾಕೆ ಎನ್ನುವುದು ನಮಗೆ ಕಾಣುವುದಿಲ್ಲ. ಹೀಗಿದ್ದರೆ ಕೊಟ್ಟವರು ಎಷ್ಟೇ ದೊಡ್ಡವರಾಗಿರಲಿ, ಎಷ್ಟೇ ಪ್ರಾಮಾಣಿಕರಾಗಿರಲಿ, ಸೋತ ಮಗುವಿಗೆ ಆ ತೀರ್ಪಿನ ಮೇಲೆ ನಂಬಿಕೆ ಹುಟ್ಟುವುದಿಲ್ಲ. ಗೆದ್ದ ಮಗುವಿನ ಮೇಲೂ ಸುಮ್ನೆ ಅನುಮಾನ ಅಂಟಿಕೊಳ್ಳುತ್ತದೆ.

ಹಾಡಿನ ಆಯ್ಕೆಯಿಂದ ಶುರು ಮಾಡುತ್ತೇನೆ. ಅರ್ಧ ಫಲಿತಾಂಶ ಅಲ್ಲೇ ತೀರ್ಮಾನವಾಗುತ್ತದೆ ಎಂದು ಕಲಿಸುವವರಿಗೆಲ್ಲ ಗೊತ್ತು. ಮನೆಯಲ್ಲಿ ಕೂತು ನೋಡುವವರಿಗೆ ಅಷ್ಟಾಗಿ ಗೊತ್ತಿರುವುದಿಲ್ಲ.

ಸಿನಿಮಾ ಹಾಡುಗಳು ಹುಟ್ಟಿದ್ದು ಒಬ್ಬೊಬ್ಬ ಗಾಯಕರ ದನಿಗೆ ಅಂತ. ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ಶ್ರುತಿಗೆ ಕೂತ ಹಾಡನ್ನು ದನಿ ಒಡೆಯುತ್ತಿರುವ ಹುಡುಗನ ಬಾಯಿಗೆ ಹಾಗೇ ಕೊಟ್ಟರೆ ಮೇಲಿನ ಷಡ್ಜ, ಅಂದರೆ ಮೇಲಿನ 'ಸ' ಸ್ವರ, ಮುಟ್ಟುವಷ್ಟರಲ್ಲಿ ಅವನ ಗಂಟಲು ಕಟ್ಟುತ್ತದೆ. ಶ್ರುತಿಯನ್ನು ಒಂದು ಮನೆ ಇಳಿಸಿ ಕೊಟ್ಟರೆ ಅದೇ ಹುಡುಗ ಅದನ್ನೇ ಆರಾಮಾಗಿ ಹಾಡುತ್ತಾನೆ. ಇಳಿಸಬೇಕೋ ಬೇಡವೋ ಎಂದು ಹೇಳುವುದು ಯಾರು? ಜೊತೆಗೆ ಹಾಡು ಎರಡು ಮೂರು ನಿಮಿಷಕ್ಕೆ ಕತ್ತರಿಸಿ ಬರುತ್ತದೆ. ಎರಡನೇ ಚರಣ ಬಿಡುತ್ತೀರೋ, ಮೊದಲಿನದನ್ನೋ? ಆಲಾಪ ಇರುತ್ತದೋ ಇಲ್ಲವೋ? ಚಪ್ಪಾಳೆ ಬೀಳುವ ಜಾಗಗಳು ಇರುವ ಹಾಡು ಒಬ್ಬಳಿಗೆ ಸಿಗುತ್ತದೆ. ಕೆಳಗಿನ ಸ್ವರಗಳಲ್ಲೇ ಮೆಲ್ಲಗೆ ನಡೆಯುವ, ನಿಜಕ್ಕೂ ಕಷ್ಟದ ಹಾಡು ಇನ್ನೊಬ್ಬಳಿಗೆ ಸಿಗುತ್ತದೆ. ಎರಡನೆಯವಳು ಚೆನ್ನಾಗಿ ಹಾಡಿದರೂ ಸ್ಟುಡಿಯೋದಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಈ ವಾರ ಜಾನಪದ ಸುತ್ತು, ಮುಂದಿನ ವಾರ ಯುಗಳ ಗೀತೆ, ಅದರ ಮುಂದಿನ ವಾರ ರಾಜ್‌ಕುಮಾರ್ ವಿಶೇಷ ಅಂತ ಕಟ್ಟುಪಾಡು ಬೇರೆ. ಹಾಡಿನ ಹಕ್ಕು ಯಾವ ಕಂಪನಿಯ ಬಳಿ ಇದೆ ಎನ್ನುವುದೂ ಲೆಕ್ಕಕ್ಕೆ ಬರುತ್ತದೆ. ಇಷ್ಟೆಲ್ಲ ದಾಟಿ ಬಂದ ಹಾಡನ್ನು ಮಗು ತಾನೇ ಆರಿಸಿಕೊಂಡಿತು ಎಂದು ಹೇಳುವುದು ಕಷ್ಟ.

ನನ್ನ ಹತ್ತಿರ ಕಲಿತ ಒಬ್ಬ ಹುಡುಗ ಒಂದು ವಾಹಿನಿಯ ಮೆಗಾ ಆಡಿಷನ್‌ವರೆಗೆ ಹೋಗಿದ್ದ. ಯಾವ ವಾಹಿನಿ ಎನ್ನುವುದು ಇಲ್ಲಿ ಬೇಡ. ಮನೆಯಲ್ಲಿ ತಯಾರು ಮಾಡಿಕೊಂಡ ಹಾಡು ಅಲ್ಲಿ ಬೇಡವಾಯಿತು. ಹಿಂದಿನ ಸಂಜೆ ಬೇರೆ ಹಾಡು ಕೊಟ್ಟರು, ಟ್ರ್ಯಾಕ್ ಕೇಳಿಸಿದರು, ವಾದ್ಯದವರ ಜೊತೆ ಒಂದು ಸಲ ಹಾಡಿಸಿದರು. ಮರುದಿನ ಹಾಡು ಮುಗಿದ ಮೇಲೆ ತೀರ್ಪುಗಾರರೊಬ್ಬರು ತುಂಬಾ ಪ್ರೀತಿಯಿಂದಲೇ, 'ಸಾಂಗ್ ಸೆಲೆಕ್ಷನ್‌ನಲ್ಲಿ ಎಡವಿದೆ ಪುಟ್ಟ' ಎಂದರಂತೆ. ಊರಿಗೆ ಬಂದವನು ನನ್ನನ್ನು ಕೇಳಿದ: 'ಮಿಸ್, ನಾನು ಆರಿಸಿದ್ದಲ್ಲ ಸಾರ್ ಅಂತ ಅಲ್ಲೇ ಹೇಳಬಹುದಿತ್ತಾ?' ಹನ್ನೆರಡು ವರ್ಷದ ಹುಡುಗ ಕ್ಯಾಮೆರಾ ಮುಂದೆ ಹಾಗೆ ಹೇಳುವುದುಂಟೇ? ಆ ತೀರ್ಪುಗಾರರಿಗೂ ನಿಜ ಗೊತ್ತಿರಲಿಲ್ಲವೇನೋ. ಗೊತ್ತಿರಬೇಕಿತ್ತು ಎನ್ನುವುದೇ ನನ್ನ ವಾದ. ಪ್ರತಿ ಹಾಡಿನ ಮುಂದೆ ಅದನ್ನು ಆರಿಸಿದವರು ಯಾರು, ಸ್ಪರ್ಧಿಯ ಕೈಗೆ ಯಾವತ್ತು ಬಂತು ಎಂಬ ಒಂದು ಸಾಲು ತೀರ್ಪುಗಾರರ ಹಾಳೆಯ ಮೇಲೆ ಇದ್ದಿದ್ದರೆ ಆ ಮಾತು ಬರುತ್ತಿರಲಿಲ್ಲ.

ಈಗ ಕಲಿಸುವವರು ಮತ್ತು ಅಂಕ ಕೊಡುವವರ ವಿಷಯ.

ನಾನೂ ಪ್ರತಿಭಾ ಕಾರಂಜಿಯಂಥ ಕಡೆ ತೀರ್ಪುಗಾರಳಾಗಿ ಕೂತಿದ್ದೇನೆ. ನನ್ನ ಶಿಷ್ಯರು ಹಾಡುವ ಸುತ್ತಿಗೆ ಎದ್ದು ಹೊರಗೆ ಹೋಗುತ್ತೇನೆ. ದೊಡ್ಡತನ ತೋರಿಸುವುದಕ್ಕೆ ಅಲ್ಲ, ಕಿವಿಯ ಮೇಲೆ ನಂಬಿಕೆ ಇಲ್ಲದ್ದಕ್ಕೆ. ನಾನು ಹೇಳಿಕೊಟ್ಟ ಸಂಗತಿಯನ್ನು (ಒಂದು ಸಾಲನ್ನು ಬೆಳೆಸಿ ಹಾಡುವ ಬಗೆ) ನನ್ನ ಶಿಷ್ಯೆ ಅರ್ಧಕ್ಕೆ ಬಿಟ್ಟರೂ ನನ್ನ ಕಿವಿ ಅದನ್ನು ಪೂರ್ತಿ ಮಾಡಿಕೊಂಡು ಕೇಳುತ್ತದೆ. ಅವಳು ಅಭ್ಯಾಸದಲ್ಲಿ ಹೇಗೆ ಹಾಡಿದ್ದಳು ಎಂಬ ನೆನಪು ಇವತ್ತಿನ ಹಾಡಿನ ಮೇಲೆ ಕೂತುಬಿಡುತ್ತದೆ. ಕೆಲವೊಮ್ಮೆ ಉಲ್ಟಾ. ನೂರು ಸಲ ತಿದ್ದಿದ್ದನ್ನೇ ಮತ್ತೆ ತಪ್ಪಿದಳಲ್ಲ ಎಂಬ ಸಿಟ್ಟಿಗೆ ಎರಡು ಅಂಕ ಜಾಸ್ತಿಯೇ ಕಳೆದುಬಿಟ್ಟೇನು. ಬೇರೆಯವರ ಶಿಷ್ಯೆ ಅದೇ ತಪ್ಪು ಮಾಡಿದ್ದರೆ ಅಷ್ಟು ಕಳೆಯುತ್ತಿರಲಿಲ್ಲ. ಎರಡೂ ಅನ್ಯಾಯವೇ. ಎರಡರಲ್ಲೂ ಕೆಟ್ಟ ಉದ್ದೇಶ ಇಲ್ಲ. ಕಲಿಸಿದ ಕಿವಿಗೆ ಹೊಸದಾಗಿ ಕೇಳುವ ಶಕ್ತಿ ಇರುವುದಿಲ್ಲ, ಅಷ್ಟೇ.

ಪೋಲೆಂಡಿನ ವಾರ್ಸಾದಲ್ಲಿ ಐದು ವರ್ಷಕ್ಕೊಮ್ಮೆ ನಡೆಯುವ ಶೋಪಾನ್ ಪಿಯಾನೋ ಸ್ಪರ್ಧೆಯಲ್ಲಿ ಇದಕ್ಕೊಂದು ನಿಯಮವಿದೆ. ತೀರ್ಪುಗಾರರು ತಮ್ಮ ಶಿಷ್ಯರಿಗೆ ಅಂಕ ಕೊಡುವಂತಿಲ್ಲ. ಅಂಕದ ಜಾಗದಲ್ಲಿ ಇವನು ನನ್ನ ಶಿಷ್ಯ ಎಂಬ ಗುರುತು ಮಾತ್ರ ಬೀಳುತ್ತದೆ. ನಿಯಮ ಬಂದ ಮಾತ್ರಕ್ಕೆ ಜಗಳ ನಿಂತುಬಿಡುತ್ತದೆ ಎಂದಲ್ಲ. ಆ ಸ್ಪರ್ಧೆಯ ಜಗಳಗಳು ಜಗತ್ಪ್ರಸಿದ್ಧ. 1980ರಲ್ಲಿ ಇವೊ ಪೊಗೊರೆಲಿಚ್ ಎಂಬ ಯುವಕನನ್ನು ಅಂತಿಮ ಸುತ್ತಿಗೆ ಬಿಡದೇ ಇದ್ದಾಗ ತೀರ್ಪುಗಾರರಲ್ಲೇ ಒಬ್ಬರಾಗಿದ್ದ ಹೆಸರಾಂತ ಪಿಯಾನೋ ವಾದಕಿ ಮಾರ್ತಾ ಅರ್ಗರಿಚ್ ಎದ್ದು ಹೊರಟೇಹೋದರು. ಆದರೆ ಅದು ಸಂಗೀತದ ಬಗ್ಗೆ ನಡೆದ ಜಗಳ. ಅವನು ನುಡಿಸಿದ್ದು ಸರಿಯೋ ತಪ್ಪೋ ಎಂಬುದರ ಮೇಲೆ ನಡೆದದ್ದು. ಯಾರು ಯಾರ ಶಿಷ್ಯ ಎಂಬ ಪಿಸುಮಾತಿಗಿಂತ ಅದು ಎಷ್ಟೋ ಪಾಲು ಮೇಲು.

ಕಲಿಸುವವರಿಗೂ ಅಂಕ ಕೊಡುವವರಿಗೂ ನಡುವಿನ ಈ ಗೆರೆ ಟಿವಿಯಲ್ಲಿ ಅಳಿಸಿದ್ದು ನಿಧಾನಕ್ಕೆ. ಹಿಂದಿಯ ಜೀ ಟಿವಿಯಲ್ಲಿ 1995ರಲ್ಲಿ ಸರೆಗಮ ಶುರುವಾದಾಗ ಸೋನು ನಿಗಮ್ ನಡೆಸಿಕೊಡುತ್ತಿದ್ದರು. ಸಂಗೀತ ಬಲ್ಲ ಹಿರಿಯರು ಬಂದು ಕೇಳಿ, ಅಂಕ ಕೊಟ್ಟು ಹೋಗುತ್ತಿದ್ದರು. 2005ರ ಚಾಲೆಂಜ್ ಆವೃತ್ತಿಯ ಹೊತ್ತಿಗೆ ಸಂಗೀತ ನಿರ್ದೇಶಕರು ಒಂದೊಂದು ಗುಂಪಿನ ಯಜಮಾನರಾದರು. ತಮ್ಮ ಹುಡುಗನ ಪರ ವಾದ, ಎದುರಿನವರ ಹುಡುಗನ ಮೇಲೆ ಟೀಕೆ. ಗುರುಗಳ ಜಗಳವೇ ಕಾರ್ಯಕ್ರಮವಾಯಿತು. ಬ್ರಿಟನ್ನಿನ ಎಕ್ಸ್ ಫ್ಯಾಕ್ಟರ್ ಶುರುವಾದದ್ದು 2004ರಲ್ಲಿ. ಅಲ್ಲಿ ತೀರ್ಪುಗಾರರು ತಲಾ ಒಂದು ಗುಂಪನ್ನು ತಯಾರು ಮಾಡುತ್ತಿದ್ದರು. ಕೊನೆಯ ಇಬ್ಬರಲ್ಲಿ ಯಾರನ್ನು ಮನೆಗೆ ಕಳಿಸಬೇಕು ಎಂದು ಮತ ಹಾಕುತ್ತಿದ್ದವರೂ ಅವರೇ. ತನ್ನ ಸ್ಪರ್ಧಿಯನ್ನು ಉಳಿಸಿಕೊಳ್ಳಲು ಇನ್ನೊಬ್ಬರ ಸ್ಪರ್ಧಿಯನ್ನು ಕಳಿಸಬೇಕಾದ ಕುರ್ಚಿ ಅದು. ಮನುಷ್ಯರು ಅಲ್ಲಿ ಕೂತು ಏನು ಮಾಡುತ್ತಾರೋ ಅದನ್ನೇ ಅವರೂ ಮಾಡಿದರು. ಹಾಲೆಂಡಿನಲ್ಲಿ 2010ರಲ್ಲಿ ಹುಟ್ಟಿದ ದಿ ವಾಯ್ಸ್ ಮೊದಲ ಸುತ್ತಿನಲ್ಲಾದರೂ ಕುರ್ಚಿಗಳನ್ನು ಹಿಂದಕ್ಕೆ ತಿರುಗಿಸಿತು. ಮುಖ ನೋಡದೇ ದನಿ ಕೇಳಿ ಆರಿಸಬೇಕು ಎನ್ನುವುದು ಒಳ್ಳೆಯ ಯೋಚನೆಯೇ. ಆದರೆ ಆ ಸುತ್ತು ಮುಗಿದ ಮೇಲೆ ಮತ್ತೆ ಅದೇ ಗುಂಪುಗಾರಿಕೆ.

ಕುರ್ಚಿ ತಿರುಗಿಸುವ ಮಾತು ಬಂದಾಗಲೆಲ್ಲ ನನಗೆ ಸ್ವಲ್ಪ ನಗು ಬರುತ್ತದೆ. ನಮ್ಮ ಆಕಾಶವಾಣಿ ಇದನ್ನು ಯಾವ ಬೆಳಕು, ಗುಂಡಿ, ಸದ್ದು ಇಲ್ಲದೇ ಎಷ್ಟೋ ದಶಕದಿಂದ ಮಾಡಿಕೊಂಡು ಬಂದಿದೆ. ಆಡಿಷನ್‌ಗೆ ಹೋದವರಿಗೆ ಗೊತ್ತು. ನೀವು ಸ್ಟುಡಿಯೋದಲ್ಲಿ ಮೈಕಿನ ಮುಂದೆ ಹಾಡುತ್ತೀರಿ. ಅಂಕ ಕೊಡುವವರಿಗೆ ನಿಮ್ಮ ಮುಖ ಕಾಣಬಾರದು, ಹೆಸರು ತಿಳಿಯಬಾರದು ಎನ್ನುವುದು ಅಲ್ಲಿಯ ಕ್ರಮ. ನಿಮ್ಮ ಸೀರೆ, ನಿಮ್ಮ ಊರು, ನಿಮ್ಮಪ್ಪ ಆಟೋ ಓಡಿಸುತ್ತಾರೋ ಡಾಕ್ಟರೋ ಯಾವುದೂ ಅವರಿಗೆ ಬೇಕಿಲ್ಲ. 1950ರ ದಶಕದಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದಲ್ಲಿ ವಾರ್ತಾ ಮತ್ತು ಪ್ರಸಾರ ಮಂತ್ರಿಯಾಗಿದ್ದಾಗ ಈ ಆಡಿಷನ್ ಪದ್ಧತಿಯನ್ನು ಬಿಗಿ ಮಾಡಿದರು. ಆಗ ಹೆಸರು ಮಾಡಿದ್ದ ಎಷ್ಟೋ ಕಲಾವಿದರು ನಮ್ಮನ್ನು ಪರೀಕ್ಷೆ ಮಾಡಲು ಇವರು ಯಾರು ಎಂದು ತಿರುಗಿಬಿದ್ದರು. ಈ ಆಡಿಷನ್‌ನಲ್ಲಿ ಕೊಡುವ ಗ್ರೇಡಿನ ಬಗ್ಗೆಯೂ ಗೊಣಗಾಟ ಇಲ್ಲದಿಲ್ಲ. ಬಿ ಗ್ರೇಡಿನಲ್ಲೇ ವರ್ಷಗಟ್ಟಲೆ ಉಳಿದವರ ಹತ್ತಿರ ಕೇಳಿ ನೋಡಿ. ಆದರೂ ಕಾರ್ಯಕ್ರಮದ ಆಹ್ವಾನ ಪತ್ರಿಕೆಯಲ್ಲಿ 'ಆಕಾಶವಾಣಿ ಎ ಗ್ರೇಡ್ ಕಲಾವಿದೆ' ಎಂದು ಹಾಕಿಸಿಕೊಳ್ಳುವುದಕ್ಕೆ ಇವತ್ತಿಗೂ ಒಂದು ತೂಕ ಇದೆ. ಆ ತೂಕ ಬಂದಿರುವುದೇ ಆ ಕುರುಡು ಪರೀಕ್ಷೆಯಿಂದ.

ಕನ್ನಡದಲ್ಲಿ ಈ ಗೆರೆ ಇನ್ನೂ ಗಟ್ಟಿಯಾಗಿರಬೇಕು. ಯಾಕೆಂದರೆ ನಮ್ಮದು ಸಣ್ಣ ಲೋಕ. ಸಿನಿಮಾ ಸಂಗೀತ ನಿರ್ದೇಶಕರು, ಹಿನ್ನೆಲೆ ಗಾಯಕರು, ಸುಗಮ ಸಂಗೀತದವರು, ಜ್ಯೂರಿಯಲ್ಲಿ ಕೂರುವವರು, ವಾದ್ಯ ನುಡಿಸುವವರು, ಎಲ್ಲರೂ ಎಲ್ಲರಿಗೂ ಗೊತ್ತು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಹೊರಗೆ ಆಗುತ್ತಿರುವುದು ನಿಮಗೆ ತಿಳಿದಿರಲಿ. ನನ್ನ ಶಿಷ್ಯೆಯೊಬ್ಬಳ ತಾಯಿಗೆ ಒಂದು ತರಬೇತಿ ತರಗತಿಯವರು, 'ನಮ್ಮಲ್ಲಿ ಸೇರಿಸಿ, ಒಳಗೆ ನಮ್ಮವರಿದ್ದಾರೆ' ಎಂದು ಹೇಳಿದರು. ಒಳಗೆ ಅವರವರು ಇದ್ದರೋ ಇಲ್ಲವೋ, ಬಹುಶಃ ಇರಲಿಲ್ಲ. ಆದರೆ ಆ ತಾಯಿ ನಂಬಿದರು, ಸಾಲ ಮಾಡಿ ಫೀಸು ಕಟ್ಟಿದರು. ಜ್ಯೂರಿಯ ಪ್ರತಿಯೊಬ್ಬರೂ ಯಾವ ಶಾಲೆ ನಡೆಸುತ್ತಾರೆ, ಯಾವ ಸ್ಪರ್ಧಿ ಯಾರ ಹತ್ತಿರ ಕಲಿತವರು ಎಂದು ನೀವೇ ಮೊದಲ ದಿನ ತೆರೆಯ ಮೇಲೆ ಹಾಕಿಬಿಟ್ಟರೆ ಇಂಥ ಅಂಗಡಿಗಳು ತಾವಾಗಿಯೇ ಮುಚ್ಚುತ್ತವೆ. ನಿಮ್ಮ ಹೆಸರಿನಲ್ಲಿ ಯಾರೋ ದುಡ್ಡು ಮಾಡುವುದೂ ತಪ್ಪುತ್ತದೆ, ಅಲ್ವಾ?

ಮೆಂಟರ್‌ಗಳು ಬೇಡ ಎಂದು ನಾನು ಹೇಳುತ್ತಿಲ್ಲ. ಹಳ್ಳಿಯಿಂದ ಬಂದ ಮಗುವಿಗೆ ಮೈಕನ್ನು ಎಷ್ಟು ದೂರ ಹಿಡಿಯಬೇಕು, ಕಿವಿಯ ಮಾನಿಟರ್‌ನಲ್ಲಿ ಏನು ಕೇಳಿಸಿಕೊಳ್ಳಬೇಕು, ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಎಂದು ಹೇಳಿಕೊಡುವವರು ಬೇಕೇ ಬೇಕು. ಬೆಂಗಳೂರಿನ ಮಗುವಿಗೆ ಇದೆಲ್ಲ ಮೊದಲೇ ಗೊತ್ತಿರುತ್ತದೆ. ರಾಯಚೂರಿನ ಮಗುವಿಗೆ ಗೊತ್ತಿರುವುದಿಲ್ಲ. ಮೆಂಟರ್ ಅಂತ ಇದ್ದಾಗ ಆ ಅಂತರ ಕಡಿಮೆಯಾಗುತ್ತದೆ. ಆದರೆ ಎಲ್ಲ ಮಕ್ಕಳಿಗೂ ಒಂದೇ ಹೊತ್ತು ಸಿಗಬೇಕು. ಚೆನ್ನಾಗಿ ಹಾಡುವವರ ಸುತ್ತ ಎಲ್ಲರೂ ಸೇರಿ, ಹಿಂದುಳಿದವರಿಗೆ 'ನೀನು ಮನೆಯಲ್ಲೇ ಪ್ರಾಕ್ಟೀಸ್ ಮಾಡ್ಕೊ' ಎಂದಾದರೆ ತರಬೇತಿಯೇ ಅನ್ಯಾಯದ ಮೂಲವಾಗುತ್ತದೆ. ಮತ್ತೆ, ತರಬೇತಿ ಕೊಟ್ಟವರು ಹಾಡಿನ ಹೊತ್ತಿಗೆ ಕೆಳಗೆ ಇಳಿದು ಪ್ರೇಕ್ಷಕರ ಸಾಲಿನಲ್ಲಿ ಕೂರಲಿ. ಕೈ ಮುಗಿದು ಕೂರಲಿ, ಕಣ್ಣೀರು ಹಾಕಲಿ, ಬೇಡ ಅನ್ನುವುದಿಲ್ಲ. ಕ್ಯಾಮೆರಾಗೂ ಅದು ಇಷ್ಟವೇ. ಅಂಕದ ಹಾಳೆ ಮಾತ್ರ ಅವರ ಕೈಗೆ ಹೋಗುವುದು ಬೇಡ.

ಅಂಕದ ಹಾಳೆ ಎಂದೆ. ಅದನ್ನು ನಾವು ನೋಡುವುದೇ ಇಲ್ಲವಲ್ಲ, ಅದು ನನ್ನ ಎರಡನೇ ಸಂಕಟ.

ಹಾಡು ಮುಗಿಯುತ್ತದೆ. ಒಬ್ಬರು ರೋಮಾಂಚನ ಆಯ್ತು ಎನ್ನುತ್ತಾರೆ. ಇನ್ನೊಬ್ಬರು ಎದ್ದು ನಿಲ್ಲುತ್ತಾರೆ. ಮೂರನೆಯವರು ವೇದಿಕೆಗೇ ಬಂದು ತಬ್ಬಿಕೊಳ್ಳುತ್ತಾರೆ. ಎಂಟು ಜನ ಹಾಡಿದರೆ ಎಂಟೂ ಜನಕ್ಕೆ ಇದೇ ಮರ್ಯಾದೆ. ಆಮೇಲೆ ಅದೇ ರಾತ್ರಿ ಅವರಲ್ಲೊಬ್ಬರು ಮನೆಗೆ. ಯಾಕೆ ಹೋದರು? ಶ್ರುತಿ ಜಾರಿತೇ, ತಾಳ ತಪ್ಪಿತೇ, ಸಾಹಿತ್ಯ ಮರೆತರೇ? ಯಾರೂ ಹೇಳುವುದಿಲ್ಲ. ಮನೆಯಲ್ಲಿ ಟಿವಿ ನೋಡುತ್ತಾ ಕಲಿಯುವ ನನ್ನ ಮಕ್ಕಳಿಗೆ ಇದರಿಂದ ಏನೂ ಸಿಗುವುದಿಲ್ಲ.

ಹೊಗಳಿಕೆ ಎಲ್ಲಿಂದ ಬರುತ್ತದೆ ಎಂಬುದು ಈಗ ಗುಟ್ಟೇನೂ ಅಲ್ಲ. 2021ರಲ್ಲಿ ಹಿಂದಿಯ ಇಂಡಿಯನ್ ಐಡಲ್‌ನಲ್ಲಿ ಕಿಶೋರ್ ಕುಮಾರ್ ಹಾಡುಗಳ ವಿಶೇಷ ಕಂತು ನಡೆಯಿತು. ಅತಿಥಿಯಾಗಿ ಬಂದವರು ಕಿಶೋರ್ ಅವರ ಮಗ ಅಮಿತ್ ಕುಮಾರ್. ಯಾರು ಹೇಗೇ ಹಾಡಲಿ ಎಲ್ಲರನ್ನೂ ಹೊಗಳಬೇಕು ಎಂದು ತಮಗೆ ಮೊದಲೇ ಹೇಳಿದ್ದರು ಎಂದು ಅವರು ಆಮೇಲೆ ಸಂದರ್ಶನದಲ್ಲಿ ಹೇಳಿಬಿಟ್ಟರು. ದೇಶವೆಲ್ಲ ಅದರ ಬಗ್ಗೆ ಮಾತಾಡಿತು. ಕನ್ನಡದಲ್ಲೂ ಹಾಗೇ ನಡೆಯುತ್ತದೆ ಎಂದು ನಾನು ಆರೋಪ ಮಾಡುತ್ತಿಲ್ಲ. ಆದರೆ ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದು ಹೇಗೆ?

ಈಟಿವಿಯಲ್ಲಿ 'ಎದೆ ತುಂಬಿ ಹಾಡುವೆನು' ಬರುತ್ತಿದ್ದ ಕಾಲವನ್ನು ನೆನಪಿಸಿಕೊಳ್ಳಿ. ಎಸ್‌ಪಿಬಿ ಮಗುವಿನ ಹಾಡು ಮುಗಿದ ಮೇಲೆ ಮೊದಲು ಆ ಹಾಡಿನ ಕವಿ ಯಾರು, ರಾಗ ಹಾಕಿದವರು ಯಾರು ಎಂದು ಹೇಳುತ್ತಿದ್ದರು. ಆಮೇಲೆ ನಿಧಾನಕ್ಕೆ ತಪ್ಪಿಗೆ ಬರುತ್ತಿದ್ದರು. ಈ ಅಕ್ಷರಕ್ಕೆ ಒತ್ತು ಬೇಕು, ಇಲ್ಲಿ ಉಸಿರು ಕಡಿದರೆ ಅರ್ಥ ಕೆಡುತ್ತದೆ, ಈ ಸಂಗತಿ ಹೀಗೆ ಎಂದು ತಾವೇ ಹಾಡಿ ತೋರಿಸುತ್ತಿದ್ದರು. ಮಗು ಅಳುತ್ತಿರಲಿಲ್ಲ, ತಲೆ ಆಡಿಸುತ್ತಿತ್ತು. ತಪ್ಪನ್ನು ತಪ್ಪು ಎಂದು ಹೇಳಿಸಿಕೊಂಡೂ ಮರ್ಯಾದೆ ಉಳಿಯುವ ಹಾಗೆ ಅವರಿಗೆ ಮಾತಾಡಲು ಬರುತ್ತಿತ್ತು. ಎಲ್ಲರಿಗೂ ಅದು ಬರಲಿಕ್ಕಿಲ್ಲ. ಆದರೆ ತಪ್ಪು ಎಲ್ಲಿ ಎಂದು ಹೇಳುವುದಕ್ಕೆ ಎಸ್‌ಪಿಬಿಯೇ ಆಗಬೇಕಿಲ್ಲವಲ್ಲ. ಇವತ್ತು ಕುರ್ಚಿಯಲ್ಲಿ ಕೂರುವ ನಿಮ್ಮಲ್ಲೂ ಅದನ್ನು ಬಲ್ಲವರಿದ್ದೀರಿ. ಮೈಸೂರಿನ ವಿಜಯ್ ಪ್ರಕಾಶ್ ಅವರೇ ಹಿಂದೊಮ್ಮೆ ಹಿಂದಿಯ ಸರೆಗಮದಲ್ಲಿ ಸ್ಪರ್ಧಿಯಾಗಿ ನಿಂತವರು. ಆ ಕಡೆ ನಿಂತಾಗ ಏನು ಕೇಳಬೇಕೆನಿಸುತ್ತದೆ ಎಂದು ಅವರಿಗೆ ನಾನು ಹೇಳಬೇಕಾಗಿಲ್ಲ.

ಅಂಕ ತೋರಿಸದೇ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮದೇ ಉದಾಹರಣೆ ಇದೆ. ಜೀ ಕನ್ನಡದ ಸರಿಗಮಪ 15ನೇ ಆವೃತ್ತಿ 2019ರಲ್ಲಿ ಮುಗಿಯಿತು. ಕೀರ್ತನ್ ಹೊಳ್ಳ ಗೆದ್ದರು. ಹಾವೇರಿ ಜಿಲ್ಲೆಯ ಹನುಮಂತ, ಕುರಿ ಮೇಯಿಸಿಕೊಂಡು ಹಾಡುತ್ತಿದ್ದ ಹುಡುಗ, ಎರಡನೇ ಸ್ಥಾನಕ್ಕೆ ಬಂದರು. ಆಮೇಲೆ ನಮ್ಮ ಊರಿನ ಟೀ ಅಂಗಡಿಯಿಂದ ಹಿಡಿದು ಮದುವೆ ಮನೆಯವರೆಗೆ ಎರಡೇ ಪಕ್ಷ. ಒಂದು ಪಕ್ಷದವರು ಹನುಮಂತನೇ ಗೆಲ್ಲಬೇಕಿತ್ತು ಎಂದರು. ಇನ್ನೊಂದು ಪಕ್ಷದವರು ಅವನನ್ನು ಅಲ್ಲಿಯವರೆಗೆ ತಂದದ್ದೇ ಟಿಆರ್‌ಪಿಗಾಗಿ ಎಂದರು. ಇಬ್ಬರು ಹುಡುಗರೂ ತಮ್ಮ ತಮ್ಮ ದಾರಿಯಲ್ಲಿ ಚೆನ್ನಾಗಿಯೇ ಹಾಡಿದವರು. ಒಬ್ಬರದು ಕಲಿತ ಗಂಟಲು, ಇನ್ನೊಬ್ಬರದು ಬಯಲಿನಲ್ಲಿ ಬೆಳೆದ ಗಂಟಲು. ತತ್ವಪದ ಹಾಡುವವನನ್ನು ಸಿನಿಮಾ ಹಾಡಿನ ಅಳತೆಯಲ್ಲಿ ಅಳೆಯುವುದು ಹೇಗೆ? ಅದಕ್ಕೆ ನಿಮ್ಮ ಜ್ಯೂರಿ ಯಾವ ಲೆಕ್ಕ ಹಾಕಿತು? ಎಷ್ಟು ಅಂಕ ಶ್ರುತಿಗೆ, ಎಷ್ಟು ಭಾವಕ್ಕೆ, ಎಷ್ಟು ಜನರ ಮತಕ್ಕೆ? ಅದು ಎಲ್ಲರ ಕಣ್ಣಿಗೆ ಬಿದ್ದಿದ್ದರೆ ಚರ್ಚೆ ಹಾಡಿನ ಬಗ್ಗೆ ನಡೆಯುತ್ತಿತ್ತು. ಕಾಣದೇ ಇದ್ದದ್ದಕ್ಕೆ ಜಾತಿ, ಊರು, ಬಡತನದ ಬಗ್ಗೆ ನಡೆಯಿತು.

ಬಡತನ ಎಂದಾಗ ಇನ್ನೊಂದು ಮಾತು. ಹಾಡಿಗೆ ಮೊದಲು ತೋರಿಸುವ ಆ ಕತೆಯ ವಿಡಿಯೋ, ಸೋರುವ ಮನೆ, ಅಮ್ಮನ ಕಣ್ಣೀರು, ಹಿನ್ನೆಲೆಯಲ್ಲಿ ಕೊಳಲು. ಅದನ್ನು ಅಂಕ ಬಿದ್ದ ಮೇಲೆ ತೋರಿಸಿ. ಮೊದಲು ಬೇಡ.

ಅಂಕ ತೋರಿಸಿದರೆ ಕಳ್ಳತನ ಸಿಕ್ಕಿಬೀಳುತ್ತದೆ ಎನ್ನುವುದಕ್ಕೆ ದಕ್ಷಿಣ ಕೊರಿಯಾದಲ್ಲಿ ನಡೆದದ್ದು ಸಾಕ್ಷಿ. ಅಲ್ಲಿ ಪ್ರೊಡ್ಯೂಸ್ ಎಂಬ ಸರಣಿಯಲ್ಲಿ ಜನರ ಮತದಿಂದ ಗಾಯನ ತಂಡಕ್ಕೆ ಸದಸ್ಯರನ್ನು ಆರಿಸುತ್ತಿದ್ದರು. 2019ರ ಅಂತಿಮ ಕಂತಿನ ನಂತರ ನೋಡುಗರೇ ಮತಗಳನ್ನು ಕೂಡಿ ಕಳೆದು ನೋಡಿದರು. ಸ್ಪರ್ಧಿಗಳ ನಡುವಿನ ಅಂತರದಲ್ಲಿ ಅದೇ ಸಂಖ್ಯೆ ಮತ್ತೆ ಮತ್ತೆ ಬರುತ್ತಿತ್ತು. ಪೊಲೀಸರು ಬಂದರು, ಮತ ತಿದ್ದಿದ್ದು ಹೊರಬಿತ್ತು, 2020ರಲ್ಲಿ ನಿರ್ಮಾಪಕನೊಬ್ಬನಿಗೆ 2 ವರ್ಷ ಜೈಲಾಯಿತು. ವಾಹಿನಿ ಆ ಮತಗಳ ಸಂಖ್ಯೆಯನ್ನು ಪ್ರಕಟಿಸಿತ್ತು. ಅದಕ್ಕೇ ಜನರಿಗೆ ಪತ್ತೆ ಹಚ್ಚಲು ಆಯಿತು. ನಮ್ಮಲ್ಲಿ ಸಂಖ್ಯೆಯೇ ಇಲ್ಲದ ಮೇಲೆ ಪ್ರಾಮಾಣಿಕರು ಕೂಡ ತಾವು ಪ್ರಾಮಾಣಿಕರು ಎಂದು ತೋರಿಸಿಕೊಳ್ಳುವುದಕ್ಕೆ ದಾರಿಯಿಲ್ಲ.

ಜನರ ಮತದ ಬಗ್ಗೆ ನಾನು ಜಾಸ್ತಿ ಬರೆಯುವುದಿಲ್ಲ. ಅದು ಹಾಡಿನ ಪರೀಕ್ಷೆ ಅಲ್ಲ ಎಂದು ನಮಗೆಲ್ಲ ಗೊತ್ತೇ ಇದೆ. 2007ರ ಇಂಡಿಯನ್ ಐಡಲ್‌ನಲ್ಲಿ ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗ್ ಗೆದ್ದಾಗ ಇಡೀ ಗುಡ್ಡಗಾಡು ಮತ ಹಾಕಿತ್ತು. ಅವರಿಗಾಗಿ ಮತ ಕೂಡಿಸಲು ಓಡಾಡಿದ ಬಿಮಲ್ ಗುರುಂಗ್ ಅದೇ ವರ್ಷ ಹೊಸ ರಾಜಕೀಯ ಪಕ್ಷವನ್ನೇ ಕಟ್ಟಿದರು. ಅದು ಸ್ವಾಭಿಮಾನದ ಮತ. ಇರಲಿ. ಆದರೆ ಜನರ ಮತ ಎಷ್ಟು ಪಾಲು, ತೀರ್ಪುಗಾರರದು ಎಷ್ಟು ಪಾಲು ಎಂದು ಮೊದಲ ಕಂತಿನಲ್ಲೇ ಹೇಳಿ, ನಡುವೆ ಬದಲಾಯಿಸಬೇಡಿ.

ಇನ್ನು ಮನೆಯಲ್ಲಿ ನಮಗೆ ಕೇಳುವ ದನಿಯ ವಿಷಯ. ತೀರ್ಪುಗಾರರು ಕೇಳುವುದು ವೇದಿಕೆಯ ಹಸಿ ದನಿ. ನಮಗೆ ಬರುವುದು ಮಿಕ್ಸಿಂಗ್ ಆಗಿ, ಒಪ್ಪವಾಗಿ ಬಂದ ದನಿ. ಬ್ರಿಟನ್ನಿನಲ್ಲಿ 2010ರಲ್ಲಿ ಎಕ್ಸ್ ಫ್ಯಾಕ್ಟರ್ ಆಡಿಷನ್ ಪ್ರಸಾರವಾದಾಗ ಶ್ರುತಿ ತಿದ್ದುವ ತಂತ್ರ ಬಳಸಿದ್ದನ್ನು ನೋಡುಗರು ಹಿಡಿದರು. ಪ್ರಸಾರಕ್ಕೆ ಮುಂಚೆ ದನಿಯ ಮೇಲೆ ಕೆಲಸ ಮಾಡಿದ್ದನ್ನು ನಿರ್ಮಾಪಕರು ಒಪ್ಪಿಕೊಳ್ಳಬೇಕಾಯಿತು. ಒಬ್ಬಳ ದನಿ ತಿದ್ದಿ, ಇನ್ನೊಬ್ಬಳದನ್ನು ಹಾಗೇ ಬಿಟ್ಟು, ಆಮೇಲೆ ಜನರ ಮತ ಕೇಳಿದರೆ ಆ ಮತ ಯಾರ ದನಿಗೆ ಬಿತ್ತು? ತಿದ್ದಿದ್ದರೆ ತಿದ್ದಿದ್ದೇವೆ ಎಂದು ತೆರೆಯ ಕೆಳಗೆ ಒಂದು ಸಾಲು ಹಾಕಿ. ಅಥವಾ ಮತ ಕೇಳುವ ಸುತ್ತುಗಳಲ್ಲಾದರೂ ತಿದ್ದಬೇಡಿ. ಇದರಿಂದ ನಮ್ಮ ಮಕ್ಕಳಿಗೆ ಇನ್ನೊಂದು ತೊಂದರೆಯೂ ಆಗುತ್ತಿದೆ. ಟಿವಿಯಲ್ಲಿ ಕೇಳಿದ ಆ ನುಣುಪು ತಮ್ಮ ಗಂಟಲಿಗೆ ಬರಲಿಲ್ಲ ಎಂದು ಕೊರಗುತ್ತಾರೆ. ಅದು ಯಾರ ಗಂಟಲಿಗೂ ಬರುವುದಿಲ್ಲ ಎಂದು ಹೇಳಿದರೆ ನಂಬುವುದಿಲ್ಲ.

ಹಾಡುವ ಸರದಿಯೂ ಸಣ್ಣ ವಿಷಯವಲ್ಲ. ಬೆಲ್ಜಿಯಂ ದೇಶದ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಯಾರು ಯಾವ ದಿನ ನುಡಿಸಬೇಕು ಎಂದು ಚೀಟಿ ಎತ್ತುತ್ತಾರೆ. ವಿಕ್ಟರ್ ಗಿನ್ಸ್‌ಬರ್ಗ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಅವರ ಜೊತೆಗಾರರು ಹಳೆಯ ಫಲಿತಾಂಶಗಳನ್ನೆಲ್ಲ ಕೂಡಿಹಾಕಿ ನೋಡಿದರು. ಮೊದಲ ದಿನ ನುಡಿಸಿದವರಿಗಿಂತ ಕೊನೆಯ ದಿನಗಳಲ್ಲಿ ನುಡಿಸಿದವರಿಗೆ ಮೇಲಿನ ಸ್ಥಾನ ಸಿಕ್ಕಿದ್ದೇ ಜಾಸ್ತಿ. ಚೀಟಿ ಎತ್ತಿದ್ದರಿಂದ ಪ್ರತಿಭೆ ಹೆಚ್ಚು ಕಡಿಮೆ ಆಗುವುದಿಲ್ಲವಲ್ಲ. ಅಂಥ ದೊಡ್ಡ ಪಂಡಿತರ ಕಿವಿಗೇ ಹೀಗಾಗುವಾಗ, ಬೆಳಗ್ಗೆಯಿಂದ ನಡುರಾತ್ರಿಯವರೆಗೆ ಶೂಟಿಂಗ್‌ನಲ್ಲಿ ಕೂತ ನಮ್ಮ ತೀರ್ಪುಗಾರರ ಕಿವಿಗೆ ಏನಾಗಬಹುದು? ನೀವೂ ಚೀಟಿ ಎತ್ತಿ. ವಾರಕ್ಕೊಬ್ಬರಂತೆ ಮೊದಲು ಹಾಡಿಸಿ. ಒಬ್ಬನೇ ಮೂರು ವಾರ ಮೊದಲು ಹಾಡುವಂತಾಗದಿರಲಿ.

ಶೂಟಿಂಗ್ ಎಂದಾಗ ಪುಟ್ಟ ಮಕ್ಕಳ ವಿಷಯ ಬಿಡಲು ಆಗುವುದಿಲ್ಲ. ಬಾಲಕಾರ್ಮಿಕ ಕಾಯ್ದೆಗೆ 2017ರಲ್ಲಿ ಬಂದ ನಿಯಮಗಳು ರಿಯಾಲಿಟಿ ಶೋಗಳನ್ನೂ ಹೆಸರಿಸಿ ಹೇಳಿವೆ. ಮಗುವಿಗೆ ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ, ನಡುವೆ ವಿಶ್ರಾಂತಿ ಇಲ್ಲದೇ 3 ಗಂಟೆಗಿಂತ ಜಾಸ್ತಿ ಇಲ್ಲ. ಸತತವಾಗಿ 27 ದಿನಕ್ಕಿಂತ ಹೆಚ್ಚು ದುಡಿಸುವಂತಿಲ್ಲ. ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇಕಡಾ 20 ಭಾಗ ಅದರ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಜಿಲ್ಲಾಧಿಕಾರಿಯ ಅನುಮತಿ ಬೇಕು. ನಿದ್ದೆಗಣ್ಣಿನಲ್ಲಿ ಹಾಡಿದ ಮಗು ಶ್ರುತಿ ತಪ್ಪಿದರೆ ಅದು ಮಗುವಿನ ತಪ್ಪೇ? ಹಾಗಾಗಿ ಇದೂ ತೀರ್ಪಿನ ನ್ಯಾಯಕ್ಕೆ ಸೇರಿದ ವಿಷಯ ಎಂದು ನನ್ನ ಲೆಕ್ಕ.

'ಇದೆಲ್ಲ ಮನರಂಜನೆ ಮೇಡಂ, ಪರೀಕ್ಷೆ ಅಲ್ಲ' ಎಂದು ನೀವು ಹೇಳಬಹುದು. 'ಅರಿಜಿತ್ ಸಿಂಗ್ ಕೂಡ 2005ರ ಫೇಮ್ ಗುರುಕುಲ ಎಂಬ ಹಿಂದಿ ಟಿವಿ ಸ್ಪರ್ಧೆಯಲ್ಲಿ ಸೋತವರೇ, ಸೋತರೆ ಏನಾಯ್ತು' ಎಂದೂ ಹೇಳಬಹುದು. ಈ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಅರಿಜಿತ್ ಆಮೇಲೆ ಬದುಕಿನಲ್ಲಿ ಗೆದ್ದರು, ಸರಿ. ಸೋತ ಮೇಲೆ ಹಾಡುವುದನ್ನೇ ಬಿಟ್ಟವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ. ಮನರಂಜನೆಯಾಗಿದ್ದರೆ ಅಂಕ, ತೀರ್ಪು, ವಿಜೇತ ಎಂಬ ಮಾತುಗಳನ್ನು ಬಿಟ್ಟು ಸಂಗೀತ ಸಂಜೆ ಮಾಡಿ. ನಾವು ಅದನ್ನೂ ನೋಡುತ್ತೇವೆ. ಸ್ಪರ್ಧೆ ಎಂದು ಕರೆದು, ಬಹುಮಾನಕ್ಕೆ ಮನೆ, ಕಾರು, ಲಕ್ಷಗಳನ್ನು ಇಟ್ಟ ಮೇಲೆ ಸ್ಪರ್ಧೆಯ ಹಾಗೆಯೇ ನಡೆಸಬೇಕು.

ತೀರ್ಪನ್ನು ಪ್ರಶ್ನೆ ಮಾಡಲು ದಾರಿ ಕೊಟ್ಟರೆ ಗಲಾಟೆ ಆಗುತ್ತದೆ ಎಂಬ ಭಯವೂ ನಿಮಗಿರಬಹುದು. ಆಗುತ್ತದೆ. ಪಕ್ಕದ ಕೇರಳದ ಶಾಲಾ ಕಲೋತ್ಸವದಲ್ಲಿ ತೀರ್ಪು ಒಪ್ಪದವರು ಹಣ ಕಟ್ಟಿ ಮೇಲ್ಮನವಿ ಹಾಕಬಹುದು, ಗೆದ್ದರೆ ಹಣ ವಾಪಸ್. ಅಲ್ಲಿ ಅಪೀಲುಗಳದ್ದೇ ಒಂದು ಜಾತ್ರೆ, ಕೆಲವು ಕೋರ್ಟಿನವರೆಗೂ ಹೋಗುತ್ತವೆ. ಅಷ್ಟು ದೂರ ಬೇಡ. ನಮಗೆ ಹಾಳೆ ಸಾಕು. ಪ್ರತಿ ವಾರ ಕಂತು ಮುಗಿದ ಮೇಲೆ ಪ್ರತಿ ತೀರ್ಪುಗಾರರು ಪ್ರತಿ ಸ್ಪರ್ಧಿಗೆ ಕೊಟ್ಟ ಅಂಕ, ಶ್ರುತಿ, ತಾಳ, ಉಚ್ಚಾರ, ಭಾವ ಎಂದು ಬೇರೆ ಬೇರೆಯಾಗಿ, ನಿಮ್ಮ ವೆಬ್‌ಸೈಟಿನಲ್ಲಿ ಇರಲಿ. ಇದಕ್ಕೆ ಹೊಸ ಸೆಟ್ ಹಾಕಬೇಕಿಲ್ಲ, ಲೈಟು ಬೇಕಿಲ್ಲ.

ಮುಂದಿನ ಆವೃತ್ತಿಯ ಆಡಿಷನ್ ಪ್ರಕಟಣೆ ಬರುವಾಗ ಅರ್ಜಿಯ ಜೊತೆಗೇ ಎರಡು ಪಟ್ಟಿ ಕೊಡಿ. ತರಬೇತಿ ಕೊಡುವವರು ಯಾರು ಎಂದು ಒಂದು, ಅಂಕ ಕೊಡುವವರು ಯಾರು ಎಂದು ಇನ್ನೊಂದು. ಎರಡರಲ್ಲೂ ಒಂದೇ ಹೆಸರು ಬರದಿರಲಿ. ಹಾಸನಕ್ಕೆ ಆಡಿಷನ್ ಬಂದರೆ ನನ್ನ ಮಕ್ಕಳನ್ನು ಕರೆದುಕೊಂಡು ಬರುತ್ತೇನೆ. ಈ ಪತ್ರ ಬರೆದವಳ ಶಿಷ್ಯರು ಇವರೇ ಎಂದು ಯಾರಿಗೂ ಹೇಳುವುದಿಲ್ಲ.

ಇತಿ,
ಹಾಸನದ ಒಬ್ಬ ಸಂಗೀತ ಶಿಕ್ಷಕಿ